ಬಣ್ಣ ಉಳಿದ ಪೊರೆ

ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅವಳ ತಮ್ಮ ಕರೆದದ್ದನ್ನು ಕೇಳಿ ಹಾಲಿನವನು ಶುರುಮಾಡಿದ, ಆಮೇಲೆ ಎದುರುಮನೆಯ ಮುದುಕರೂ ಅದನ್ನೇ ಹಿಡಿದುಕೊಂಡರು. ವಯಸ್ಸಿನಲ್ಲಿ ಅವರು ಅವಳ ತಂದೆಯ ಸಮ. ಆದರೆ ಅವರ ಬಾಯಲ್ಲಿರುವ ಹಲ್ಲಿನ ಸೆಟ್ಟು ಅಕ್ಕನ ಕೈಯದು. ಅದನ್ನು ಹಾಕಿಕೊಂಡೇ ಅವರು ಅವಳನ್ನು ಅಕ್ಕ ಎನ್ನುತ್ತಾರೆ, ಹಾಕಿಕೊಂಡೇ ಅವಳ ಬಗ್ಗೆ ಆಡಿಕೊಳ್ಳುತ್ತಾರೆ.

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅಕ್ಕ ತನ್ನ ಹರೆಯ ಸವೆಸಿದಳು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಕೂರಿಸಿ, ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಗುಳ್ಳೆ ಏಳದ ಹಾಗೆ ಪ್ರೆಷರ್ ಪಾಟಿನಲ್ಲಿಟ್ಟು ಗಟ್ಟಿಮಾಡುವುದು ಅವಳ ಕೆಲಸ. ನೆಲಮಾಳಿಗೆ, ಹಗಲಲ್ಲೂ ಟ್ಯೂಬ್‌ಲೈಟು, ಸದಾ ಗುಂಯ್‌ಗುಡುವ ಫ್ಯಾನು. ಆ ಕೆಲಸದಲ್ಲಿ ಒಳ್ಳೆಯ ಮಾಲು ಎಂದರೆ ಯಾರ ಕಣ್ಣಿಗೂ ಬೀಳದ ಮಾಲು. ‘ಎಷ್ಟು ಚಂದದ ಹಲ್ಲು’ ಎಂದರೆ ಆ ಹೊಗಳಿಕೆ ಹಾಕಿಕೊಂಡವರಿಗೆ, ‘ಕಟ್ಟಿಸಿದ್ದಾ?’ ಎಂದರೆ ಬೈಗುಳ ಮಾಡಿದವರಿಗೆ. ತಾನು ಮಾಡಿದ್ದನ್ನು ಯಾರೂ ಬೆರಳು ಮಾಡಿ ತೋರಿಸಬಾರದು ಎಂದು ಬಯಸುತ್ತಲೇ ಅವಳ ತಲೆಗೂದಲು ಬೆಳ್ಳಗಾಯಿತು. ಆಮೇಲೆ ಲ್ಯಾಬಿಗೆ ಕಟ್ಟುಹಲ್ಲನ್ನು ತಾನೇ ಕೊರೆದು ತೆಗೆಯುವ ಯಂತ್ರ ಬಂತು. ಯಜಮಾನ ಒಳ್ಳೆಯವನೇ. ಕಣ್ಣಲ್ಲಿ ನೀರು ತಂದುಕೊಂಡು, ಮೂಲೆ ಸೇರಿದ್ದ ಹಳೆಯ ಪ್ರೆಷರ್ ಪಾಟನ್ನು ಅವಳ ಕೈಗೆ ಕೊಟ್ಟು ಕಳಿಸಿದ. ಕೆಲಸಕ್ಕೆ ಬಾರದವರಿಬ್ಬರನ್ನೂ ಒಂದೇ ಆಟೋದಲ್ಲಿ ಸಾಗಹಾಕಿದ ಎಂದು ಅಕ್ಕ ಆಮೇಲೆ ನಗುತ್ತಾ ಹೇಳುತ್ತಿದ್ದಳು.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತಮ್ಮನ ಲೇತ್ ಇತ್ತು. ಅವನು ಮರದ ಪೆನ್ನು ತಿರುವುತ್ತಿದ್ದ. ಹಿತ್ತಾಳೆಯ ಕೊಳವೆಗೆ ಮರದ ತುಂಡು ಹೊದಿಸಿ, ಲೇತಿಗೆ ಕಟ್ಟಿ, ಉಳಿಯಿಂದ ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಬರೆಯುವ ಮುಳ್ಳು, ಕ್ಲಿಪ್ಪು ಜೋಡಿಸಿದರೆ ಪೆನ್ನು. ಕೆತ್ತುವ ಮುಂಚಿನ ಆ ತುಂಡಿಗೆ ಅವರ ಕಸುಬಿನಲ್ಲಿ ಬ್ಲಾಂಕ್ ಎನ್ನುತ್ತಾರೆ. ಮರದ ಬದಲು, ಸುರಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಸುರಿದು ಬ್ಲಾಂಕ್ ಮಾಡಬಹುದಲ್ಲ ಎಂದು ಹೊಳೆದದ್ದು ಅಕ್ಕನಿಗೆ. ಅಕ್ರಿಲಿಕ್ ಎರೆದ ಕೈಗೆ ರೆಸಿನ್ ಏನು ಮಹಾ. ಅದರೊಳಗೆ ಹಾವಿನ ಪೊರೆ ಕೂರಿಸಬಹುದು ಎಂದು ಹೊಳೆದದ್ದು ಮಾತ್ರ ಒಂದು ಮುರಿದ ಹಲ್ಲಿನಿಂದ.

ಮುರಿದದ್ದು ಪ್ರಾಣಿಸಂಗ್ರಹಾಲಯದ ಹಾವುಮನೆಯ ಪಾಲಕನ ಕಟ್ಟಿಸಿದ ಹಲ್ಲು. ಲ್ಯಾಬಿನವರು ಹೊಸದೇ ಆಗಬೇಕು ಎಂದಿದ್ದರಂತೆ, ಅಕ್ಕ ಮನೆಯಲ್ಲೇ ಬೆಸೆದುಕೊಟ್ಟಳು. ಹಲ್ಲು ಮುರಿದದ್ದು ಹಾವಿನಿಂದಲೋ ಎಂದು ಕೇಳಿದ್ದಕ್ಕೆ, ಹಾವುಗಳು ಮರ್ಯಾದಸ್ಥರು, ಇದು ಮೆಟ್ಟಿಲಿನ ಕೆಲಸ ಎಂದ. ಕೃತಜ್ಞತೆಗೆ ಏನು ಕೊಡಬೇಕೋ ತಿಳಿಯದೆ, ಮರುದಿನ ಪೇಪರಿನಲ್ಲಿ ಸುತ್ತಿದ ಉದ್ದದ ಪೊರೆಯೊಂದನ್ನು ತಂದ. ತಮ್ಮನ ಹೆಂಡತಿ ಕಿಟಾರನೆ ಕಿರುಚಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಕ್ಕ ಪೊರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟಳು.

ಪೊರೆಯ ಕೆಲಸ ತಾಳ್ಮೆಯದು. ಹಾವು ಅದನ್ನು ಕಾಲುಚೀಲ ಕಳಚಿದ ಹಾಗೆ ಒಳಹೊರಗು ಮಾಡಿ ಬಿಟ್ಟುಹೋಗುತ್ತದೆ. ನೀರಲ್ಲಿ ನೆನೆಸಿ, ತಿರುವಿ, ಹರಿಯದಂತೆ ಬಿಡಿಸಿ, ಹಳೆಯ ವಾರಪತ್ರಿಕೆಗಳ ನಡುವೆ ಒತ್ತಿ ಒಣಗಿಸಬೇಕು. ಎಳ್ಳಷ್ಟು ತೇವ ಉಳಿದರೂ ರೆಸಿನ್ ಉಕ್ಕಿ ನೊರೆಯಾಗುತ್ತದೆ. ಒಣಗಿದ ಮೇಲೆ ಬೆನ್ನಿನ ಭಾಗ ಆರಿಸಿ, ಹುರುಪೆಗಳೆಲ್ಲ ಮುಳ್ಳಿನ ಕಡೆಗೆ ಬಾಗುವಂತೆ ಕೊಳವೆಗೆ ಅಂಟಿಸಿ, ಜೋಡಣೆಯ ಗೆರೆಯನ್ನು ಕ್ಲಿಪ್ಪಿನ ಅಡಿಗೆ ಬಚ್ಚಿಟ್ಟು, ಸಿಲಿಕೋನ್ ಅಚ್ಚಿನಲ್ಲಿ ಮಲಗಿಸಿ, ತಿಳಿ ರೆಸಿನ್ ಸುರಿದು, ಪಾಟಿನೊಳಗಿಟ್ಟು, ಮುಚ್ಚಳದ ತಿರುಪುಗಳನ್ನು ಎದುರುಬದುರು ಬಿಗಿಯಬೇಕು. ಉಳಿದದ್ದು ತಮ್ಮನ ಪಾಲು. ಅವನ ಉಳಿ ಕೂದಲೆಳೆಯಷ್ಟು ಆಳಕ್ಕೆ ಹೋದರೂ ರೆಸಿನ್ ದಾಟಿ ಹುರುಪೆ ಹಾರಿಹೋಗುತ್ತದೆ. ಅದರಲ್ಲಿ ಅವನು ಎತ್ತಿದ ಕೈ, ಅಕ್ಕ ಅದನ್ನು ಎಂದೂ ಅಲ್ಲಗಳೆದಿಲ್ಲ.

ಪಾಲಕ ಪೊರೆ ಕೊಡುತ್ತಾ ಹೋದ. ದುಡ್ಡಿನ ಮಾತೆತ್ತಿದರೆ ಮುಖ ಗಂಟಿಕ್ಕುತ್ತಿದ್ದ. ಅವನದು ಒಂದೇ ಕರಾರು: ಹಾವು ತಾನಾಗಿ ಬಿಟ್ಟದ್ದರ ಹೊರತು ಬೇರೆ ಯಾವುದೂ ಅವಳ ಮೇಜಿನ ಮೇಲೆ ಬರಬಾರದು. ಪೊರೆಗೂ ಚರ್ಮಕ್ಕೂ ಇರುವ ವ್ಯತ್ಯಾಸವನ್ನು ಅವನೇ ಅವಳ ಬೆರಳು ಹಿಡಿದಂತೆ ಕಲಿಸಿದ. ಅಕ್ಕ ಆ ಕರಾರನ್ನು ತಲೆಯ ಮೇಲೆ ಹೊತ್ತುಕೊಂಡಳು. ಕರಕುಶಲ ವಸ್ತುಗಳ ಪ್ರದರ್ಶನದಲ್ಲಿ ಅವರ ಮೇಜಿನ ಮುಂದೆ ಗಿರಾಕಿಗಳು ಪೆನ್ನು ಎತ್ತಿ, ಹಾವನ್ನು ಕೊಂದಿರಾ ಎಂದು ಅನುಮಾನದಿಂದ ಕೇಳಿದಾಗ, ಅದು ಬಿಟ್ಟುಹೋದದ್ದನ್ನು ಎತ್ತಿಕೊಂಡೆವು ಅಷ್ಟೇ ಎನ್ನುತ್ತಿದ್ದಳು. ಆ ಮಾತಿಗೆ ಅವರ ಮುಖ ಸಡಿಲವಾಗುವುದನ್ನು ನೋಡುವುದು ಅವಳಿಗೆ ರೂಢಿಯಾಯಿತು. ಜನ ಅವಳ ಕೈಕೆಲಸವನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಬದುಕಿನಲ್ಲಿ ಅದೇ ಮೊದಲು.

ಕೊರತೆ ಒಂದಿತ್ತು. ಪೊರೆಗೆ ಬಣ್ಣವಿಲ್ಲ. ಹಾವು ತನ್ನ ಬಣ್ಣವನ್ನು ಮೈಯಲ್ಲೇ ಇಟ್ಟುಕೊಂಡು ಬರೀ ನಕ್ಷೆಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ಅಕ್ಕ ಕೊಳವೆಗೆ ಮೊದಲು ಕಪ್ಪೋ ಕಂಚೋ ಬಳಿದು ಅದರ ಮೇಲೆ ಪೊರೆ ಅಂಟಿಸುತ್ತಿದ್ದಳು. ಒಂದು ಪ್ರದರ್ಶನದಲ್ಲಿ ಠಾಕುಠೀಕಾದ ಗಿರಾಕಿಯೊಬ್ಬ ಪೆನ್ನನ್ನು ಕಣ್ಣ ಹತ್ತಿರ ಹಿಡಿದು, ಓ, ಒಳಗೆ ಪೇಂಟು ಎಂದು ಮೂಗು ಮುರಿದು ಕೆಳಗಿಟ್ಟ. ಆ ಸಂಜೆ ಅಕ್ಕ ಊಟ ಬಿಟ್ಟಳು. ‘ಕಟ್ಟಿಸಿದ್ದಾ?’ ಎಂದು ಕೇಳಿದ ಹಾಗಾಗಿತ್ತು ಅವಳಿಗೆ. ಬಣ್ಣ ಉಳಿಸಿಕೊಂಡ ಪೊರೆ ಎಲ್ಲಾದರೂ ಸಿಕ್ಕೀತೇ ಎಂದು ಪಾಲಕನನ್ನು ಕೇಳಿದಳು. ಕೆಲವು ಜಾತಿಯಲ್ಲಿ ನೆರಳಿನಷ್ಟು ಉಳಿಯುತ್ತದೆ, ಅದಕ್ಕಿಂತ ಹೆಚ್ಚು ಬೇಕಾದರೆ ಹಾವನ್ನೇ ಕೇಳಬೇಕು ಎಂದು ನಕ್ಕ.

ಹಾವುಮನೆಯಲ್ಲಿ ಒಂದು ಮುದಿ ಹೆಬ್ಬಾವಿತ್ತು. ಪಾಲಕ ಅದನ್ನು ಅಜ್ಜಿ ಎನ್ನುತ್ತಿದ್ದ. ಅವನು ಕೆಲಸಕ್ಕೆ ಸೇರಿದ ವರ್ಷವೇ ಅದೂ ಬಂದದ್ದು. ‘ನಾನು ಪರ್ಮನೆಂಟ್ ಆಗೋಕೆ ಮುಂಚೆ ಅವಳು ಪರ್ಮನೆಂಟ್ ಆದ್ಲು’ ಎಂಬುದು ಅವನ ಹಳೆಯ ಜೋಕು. ಅಕ್ಕನ ಮೊದಲ ಒಳ್ಳೆಯ ಪೆನ್ನುಗಳೆಲ್ಲ ಅಜ್ಜಿಯ ಪೊರೆಯವು. ಕೊನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಂತಾಯಿತು. ಪೊರೆ ಇಡಿಯಾಗಿ ಬಿಡದೆ ಚೂರುಚೂರಾಗಿ ಉದುರುತ್ತಿತ್ತು, ಅದರಿಂದ ಏನೂ ಮಾಡುವಂತಿರಲಿಲ್ಲ. ಒಂದು ದಿನ ಪಾಲಕ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತು ಅಜ್ಜಿ ಹೋದಳು ಎಂದ. ಸುಡಲು ಹಿಂದಿನ ಗುಂಡಿಗೆ ಕಳಿಸಿದರಂತೆ. ಹೊಗೆ ಎದ್ದದ್ದನ್ನು ನೋಡಿಯೇ ಮನೆಗೆ ಹೊರಟನಂತೆ. ಅಕ್ಕ ಕಾಫಿ ಕೊಟ್ಟಳು. ಅವನು ಕುಡಿಯಲಿಲ್ಲ.

ಅದಾದ ಕೆಲವು ವಾರಕ್ಕೆ ತಮ್ಮ ಒಂದು ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದ. ಬಿಚ್ಚಿದ ಕೂಡಲೇ ಅಕ್ಕನ ಕೈ ನಿಂತಿತು. ಕಂದು, ಹಳದಿ, ಅಂಚಿನಲ್ಲಿ ಕಪ್ಪು. ಬಣ್ಣ ಒಳಗಿನಿಂದಲೇ ಉರಿಯುತ್ತಿತ್ತು. ಹೊರದೇಶದ ತಳಿಯಂತೆ, ಮನೆಯಲ್ಲಿ ಹಾವು ಸಾಕುವ ಒಬ್ಬನ ಹತ್ತಿರ ಸಿಕ್ಕಿತು, ಆ ಜಾತಿಯ ಪೊರೆಯಲ್ಲಿ ಬಣ್ಣ ಉಳಿಯುತ್ತದಂತೆ ಎಂದು ತಮ್ಮ ಹೇಳಿದ. ಹೇಳುವಾಗ ಅವನು ಲೇತಿನ ಬೆಲ್ಟು ನೋಡುತ್ತಿದ್ದ.

ಸುರುಳಿ ದಪ್ಪವಿತ್ತು. ಒಳಮೈಯನ್ನು ಯಾರೋ ಹೆರೆದಿದ್ದರು. ನೆನೆಸಿದಾಗ ನೀರಿನ ಮೇಲೆ ಜಿಡ್ಡಿನ ತೆಳುವಾದ ಪದರ ತೇಲಿತು. ಅಕ್ಕ ನೀರು ಚೆಲ್ಲಿ ಸ್ಪಿರಿಟ್ಟಿನಲ್ಲಿ ತೊಳೆದಳು, ಮತ್ತೆ ಜಿಡ್ಡು ಬಂತು, ಮತ್ತೆ ತೊಳೆದಳು. ಒಳಮೈಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಇನ್ನಷ್ಟು ತೆಳ್ಳಗೆ ಮಾಡಿದಳು. ಕೊಳವೆಗೆ ಬಣ್ಣ ಬಳಿಯುವ ಬ್ರಷ್ಷು ಆ ದಿನ ಡಬ್ಬದಿಂದ ಹೊರಬರಲಿಲ್ಲ. ತಮ್ಮನನ್ನು ಅವಳು ಏನೂ ಕೇಳಲಿಲ್ಲ.

ಸುರುಳಿಯ ಒಂದು ಕಡೆ ಹೆಬ್ಬೆರಳಿನಗಲದ ಜಾಗದಲ್ಲಿ ಹುರುಪೆಗಳ ಸಾಲು ಕೆಟ್ಟಿತ್ತು. ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು, ಒಂದು ಹಿಂದುಮುಂದಾಗಿ ಬೆಳೆದಿತ್ತು, ನಡುವೆ ಬೆಳ್ಳಗೆ ಹೊಳೆಯುವ ಮಚ್ಚೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕತ್ತರಿಸಿ ಎಸೆಯುತ್ತಿದ್ದರು. ಸಾಲಾಗಿ ಕೂತ ಹುರುಪೆಗಳ ನಡುವೆ ಇಂಥದ್ದೊಂದು ಸಿಕ್ಕುವುದು ಅಪರೂಪ ಎಂದು ಅಕ್ಕನಿಗೆ ಗೊತ್ತಿತ್ತು. ಕ್ಲಿಪ್ಪಿಗೆ ಸರಿಯಾಗಿ ಎದುರುಬದಿಗೆ, ಬರೆಯುವವರ ಹೆಬ್ಬೆರಳು ಬಂದು ಕೂರುವ ಜಾಗಕ್ಕೆ ಅದನ್ನು ತಂದು ಅಂಟಿಸಿದಳು. ಪಾಟಿನಿಂದ ತೆಗೆದಾಗ ಒಂದು ಗುಳ್ಳೆಯೂ ಇರಲಿಲ್ಲ. ತಮ್ಮ ಲೇತಿನ ಮೇಲೆ ಉಸಿರು ಬಿಗಿಹಿಡಿದು ಕೆತ್ತಿದ. ಪಾಲಿಶ್ ಆದ ಮೇಲೆ ಇಬ್ಬರೂ ಅದನ್ನು ಕೈಯಿಂದ ಕೈಗೆ ದಾಟಿಸಿದರು. ತಾನು ಮಾಡಿದ್ದರಲ್ಲೆಲ್ಲ ಇದೇ ಹೆಚ್ಚಿನದು ಎಂದು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುರುಳಿಯ ಉಳಿದ ಭಾಗದ ಪೆನ್ನುಗಳನ್ನು ಮಾರು, ಇದನ್ನು ಮಾರಬೇಡ ಎಂದಳು. ಅಜ್ಜಿ ಹೋದಂದಿನಿಂದ ಮುಖ ಬಾಡಿಸಿಕೊಂಡಿದ್ದ ಪಾಲಕನಿಗೆ ಕೊಡಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ಇಷ್ಟು ವರ್ಷ ಪೊರೆ ಕೊಟ್ಟವನು ಒಂದು ಪೆನ್ನನ್ನೂ ಇಸಿದುಕೊಂಡಿರಲಿಲ್ಲ. ತಾನು ಬರೆಯುವುದೇನಿದೆ, ಹಾಜರಿಗೆ ಹೆಬ್ಬೆಟ್ಟು ಸಾಕು ಎನ್ನುತ್ತಿದ್ದ.

ಯಾರಿಗೆ ಎಂದು ತಮ್ಮನಿಗೆ ಹೇಳಿದ್ದರೆ ಅವನು ತಡೆಯುತ್ತಿದ್ದನೋ ಏನೋ. ಅವಳು ಹೇಳಲಿಲ್ಲ. ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ತಾನೇ ಹೊರಟಳು.

ಹಾವುಮನೆಯ ಹಿಂದೆ ಪಾಲಕರಿಗೆ ಒಂದು ಕೋಣೆ. ಕಲ್ಲಿನ ತೊಟ್ಟಿ, ಗೋಡೆಗೆ ತೂಗುಹಾಕಿದ ಕೊಕ್ಕೆಕೋಲುಗಳು, ಗಾಜಿನ ಗೂಡುಗಳ ಶಾಖ ಅಳೆಯುವ ಮಾಪಕಗಳು. ಪಾಲಕ ರಬ್ಬರ್ ಬೂಟಿನಲ್ಲೇ ಇದ್ದ. ಕೈ ತೊಳೆದು, ಪ್ಯಾಂಟಿಗೆ ಒರೆಸಿ, ಎರಡು ಸಲ ಒರೆಸಿ, ಡಬ್ಬಿ ತೆಗೆದ. ಬಣ್ಣ ನೋಡಿ ಅವನ ಮುಖ ಅರಳಿತು. ಇಂಥ ಪೆನ್ನು ಜೇಬಿಗಿಟ್ಟರೆ ಸಾಹೇಬರು ಎದ್ದುನಿಂತಾರು ಎಂದ. ಬರೆಯುವವರ ಹಾಗೆ ಬೆರಳ ನಡುವೆ ಹಿಡಿದ. ಅಕ್ಕ ಲೆಕ್ಕ ಹಾಕಿದ್ದ ಜಾಗದಲ್ಲೇ ಅವನ ಹೆಬ್ಬೆರಳು ಹೋಗಿ ಕೂತಿತು. ಪೆನ್ನನ್ನು ತಿರುಗಿಸಿ ಅಲ್ಲೇನಿದೆ ಎಂದು ನೋಡಿದ. ಕನ್ನಡಕ ತೆಗೆದು, ಇನ್ನೂ ಹತ್ತಿರ ಹಿಡಿದು ನೋಡಿದ.

ಹಿಡಿಸಲಿಲ್ಲವೇ ಎಂದು ಅಕ್ಕ ಕೇಳಿದಳು. ಇದು ಎಲ್ಲಿಂದ ಬಂತು ಎಂದು ಅವನು ಕೇಳಿದ. ತಮ್ಮ ಹೇಳಿದ್ದನ್ನೇ ಅವಳು ಒಪ್ಪಿಸಿದಳು. ಹೊರದೇಶದ ತಳಿ, ಸಾಕಿದವನು, ಉಳಿಯುವ ಬಣ್ಣ. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಟೊಳ್ಳಾಗಿ ಕೇಳಿತು.

‘ಇಲ್ನೋಡಿ,’ ಎಂದ ಪಾಲಕ. ‘ಈ ಹುರುಪೆ ಉಲ್ಟಾ ಬೆಳೆದಿದೆ. ಈ ಎರಡು ಅಂಟ್ಕೊಂಡಿವೆ. ಹೋದ ವರ್ಷ ನಾನು ರಜೆ ಹಾಕಿದ್ದಾಗ ಹೀಟರ್ ತಗುಲಿ ಸುಟ್ಟಿದ್ದು ಇದು. ವಾಸಿ ಆಗೋವರೆಗೆ ಮುಲಾಮು ಹಚ್ಚಿದ್ದು ಇದೇ ಬೆರಳು.’

ಅವನು ಬೆರಳನ್ನು ಎತ್ತಿ ತೋರಿಸಿದ, ಸಾಕ್ಷಿ ಹೇಳುವವನ ಹಾಗೆ.

‘ಇದು ಅಜ್ಜಿ, ಅಕ್ಕಾವ್ರೆ.’

ತನಗೆ ಗೊತ್ತಿರಲಿಲ್ಲ ಎಂದಳು ಅಕ್ಕ. ತಮ್ಮ ಹೇಳಿದ್ದನ್ನು ನಂಬಿದೆ ಎಂದಳು. ಪಾಲಕ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದ. ಅವನ ದನಿ ಏರಲಿಲ್ಲ.

‘ತಮ್ಮಂಗೆ ಯಾವ ಹಾವು ಅಂತ ಗೊತ್ತಿರಲಿಲ್ಲ ಅನ್ನಿ, ಒಪ್ತೀನಿ. ನಿಮ್ಮ ಕೈಗೂ ಗೊತ್ತಾಗಲಿಲ್ವಾ? ಪೊರೆನ ಯಾರಾದ್ರೂ ಹೆರೀತಾರಾ? ಪೊರೆಯಲ್ಲಿ ಜಿಡ್ಡು ಬರುತ್ತಾ?’

ಅವಳಿಗೆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಕೈಗೆ ಗೊತ್ತಿತ್ತು. ಸುರುಳಿ ಮುಟ್ಟಿದ ಗಳಿಗೆಯಲ್ಲೇ ಗೊತ್ತಿತ್ತು. ಆ ಬಣ್ಣ ಕಂಡ ಮೇಲೆ ಅವಳು ಕೈಯ ಮಾತನ್ನು ಕೇಳಲಿಲ್ಲ, ಅಷ್ಟೇ.

ಪಾಲಕ ಪೆನ್ನನ್ನು ಹತ್ತಿಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವಳಿಗೆಂದು ಕೂಡಿಟ್ಟಿದ್ದ ಪೊರೆಗಳ ಕಟ್ಟು ಅದೇ ಪೆಟ್ಟಿಗೆಯ ಮೇಲೆ ಇತ್ತು. ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದ. ಹೊಗೆ ಕಂಡ ಮೇಲೆ ಸಮಾಧಾನವಾಗಿ ಮನೆಗೆ ಹೋಗಿ ಊಟ ಮಾಡಿದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಕೊಕ್ಕೆಕೋಲು ಹಿಡಿದು ಗೂಡುಗಳ ಕಡೆ ನಡೆದ.

ಮನೆಗೆ ಬಂದು ಕೇಳಿದಾಗ ತಮ್ಮ ಲೇತ್ ನಿಲ್ಲಿಸಲಿಲ್ಲ. ಗುಂಡಿಯಲ್ಲಿ ಸುಡುವ ಕೆಲಸದವನು ಸುಡುವ ಮುಂಚೆ ಸುಲಿದು, ತಾನಾಗಿಯೇ ಬಂದು ಕೊಟ್ಟದ್ದು ಎಂದ. ಯಾವ ಹಾವು ಎಂದು ತಾನು ಕೇಳಿರಲಿಲ್ಲ. ಸತ್ತ ಮೇಲೆ ಬೂದಿ ಆಗುವುದಕ್ಕಿಂತ ಪೆನ್ನಾಗುವುದರಲ್ಲಿ ತಪ್ಪೇನು, ತಾನೇನು ಕೊಂದೆನೇ ಎಂದ. ಅಕ್ಕ ಅವನ ಸುಳ್ಳನ್ನು ಎತ್ತಿ ಆಡಿದಳು. ಅವನು ಉಳಿಯನ್ನು ಕೆಳಗಿಟ್ಟ.

‘ನೀನೂ ಕೇಳಲಿಲ್ವಲ್ಲ ಅಕ್ಕ. ಕೇಳಿದ್ರೆ ಹೇಳ್ತಿದ್ದೆ.’

ಆಗಲೇ ಆ ಸುರುಳಿಯ ಉಳಿದ ಪೆನ್ನುಗಳು ಕೈಬದಲಾಗಿದ್ದವು, ಬಣ್ಣದ್ದೇ ಬೇಕು ಎಂದು ಹೊಸ ಗಿರಾಕಿಗಳು ಮುಗಿಬೀಳುತ್ತಿದ್ದರು. ಒಳಗೆ ಪೇಂಟು ಎಂದು ಮೂಗು ಮುರಿದಿದ್ದ ಆಸಾಮಿಯೂ ಅವರಲ್ಲಿ ಒಬ್ಬ. ಕೆಲವು ದಿನದ ಮೇಲೆ ಶೆಡ್ಡಿಗೆ ಒಂದು ಕಟ್ಟು ಚರ್ಮ ಬಂತು. ಈ ಸಲ ತಮ್ಮ ತಳಿಯ ಕಥೆ ಹೇಳುವ ಗೋಜಿಗೆ ಹೋಗಲಿಲ್ಲ. ಅಕ್ಕ ಒಂದೊಂದಾಗಿ ಬಿಡಿಸಿ ನೋಡಿದಳು. ಚಿಕ್ಕ ಹಾವುಗಳು, ಮುಪ್ಪಿನಿಂದ ಸತ್ತವಲ್ಲ. ಪ್ರತಿಯೊಂದರ ಕುತ್ತಿಗೆಯ ಹತ್ತಿರ, ಹಲಗೆಗೆ ಹೊಡೆದು ಸುಲಿಯುವಾಗ ಬಿದ್ದ ಮೊಳೆಯ ತೂತು.

ಅವಳು ಕಟ್ಟನ್ನು ಇದ್ದ ಹಾಗೇ ಸುತ್ತಿಟ್ಟು, ಕೈ ತೊಳೆದು, ಇನ್ನು ತಾನು ಸುರಿಯುವುದಿಲ್ಲ ಎಂದಳು. ಪಾಟು ತನ್ನದು ಎಂದೂ ಹೇಳಿದಳು. ತಮ್ಮ ಅದನ್ನು ತಾನೇ ಎತ್ತಿ ತಂದು ಅವಳ ಕೋಣೆಯಲ್ಲಿಟ್ಟ. ಅದೇ ವಾರ ಅದಕ್ಕಿಂತ ದೊಡ್ಡದು ಶೆಡ್ಡಿಗೆ ಬಂತು, ಜೊತೆಗೆ ರೆಸಿನ್ ಸುರಿಯಲು ಒಬ್ಬ ಕೂಲಿಯವನೂ ಬಂದ. ಅವನು ಹಿಂದೆ ಅಂಗಡಿ ಬೋರ್ಡು ಮಾಡುತ್ತಿದ್ದವನು. ತಮ್ಮನ ಹೆಂಡತಿ, ಅತ್ತಿಗೆಗೆ ಈಗ ಹಾವಿನ ಮೇಲೆ ಕರುಣೆ ಉಕ್ಕಿದೆ, ಮನೆಯವರ ಮೇಲೆ ಯಾವಾಗ ಉಕ್ಕುತ್ತದೋ ಎಂದು ಪಾತ್ರೆಗಳಿಗೆ ಹೇಳಿಕೊಂಡಳು. ಎದುರುಮನೆಯ ಮುದುಕರು, ಅಕ್ಕ ಮತ್ತೆ ಹಲ್ಲಿಗೆ ಬಿದ್ದಳಂತೆ ಎಂದು ಬೀದಿಗೆಲ್ಲ ಸಾರಿದರು. ಅದು ನಿಜವೇ ಆಗಿತ್ತು. ಮುರಿದ ಸೆಟ್ಟುಗಳನ್ನು ಬೆಸೆದುಕೊಡುತ್ತಾ ಅವಳು ಕೋಣೆಯ ಕಿಟಕಿಯ ಪಕ್ಕ ಕೂರುತ್ತಿದ್ದಳು. ಹಾವುಮನೆಗೆ ಒಮ್ಮೆ ಹೋಗಿಬಂದಳು. ಪಾಲಕ ಗಾಜಿನ ಆಚೆ ಗೂಡು ಗುಡಿಸುತ್ತಿದ್ದ. ಅವಳನ್ನು ಕಂಡ, ಗುಡಿಸುವುದನ್ನು ನಿಲ್ಲಿಸಲಿಲ್ಲ. ಮಕ್ಕಳ ಗುಂಪಿನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು ಅವಳು ಹಿಂತಿರುಗಿದಳು. ಇನ್ನು ಮುಂದೆ ಹಾವಿನ ಹೆಸರೆತ್ತದೆ ಇದ್ದುಬಿಟ್ಟರೆ, ಆದದ್ದು ಒಂದು ಸಲದ ಮರುಳು ಎಂದಾದರೂ ಉಳಿದೀತು ಎಂದು ಅವಳ ಲೆಕ್ಕ.

ಆ ಲೆಕ್ಕ ಕೆಲವು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ತಮ್ಮ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಅಷ್ಟರವರೆಗೆ ಇಬ್ಬರ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ಅವನು ಕೆತ್ತದ ಬ್ಲಾಂಕ್ ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

ಅಕ್ಕ ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಡಲಿಲ್ಲ. ಕಣ್ಣು ಮಾತ್ರ ಹೋಯಿತು. ಒಳ್ಳೆಯ ಚರ್ಮ, ಹಸಿರು ಕಲಸಿದ ಕಂದು. ಹುರುಪೆಗಳ ಸಂದಿನಲ್ಲೆಲ್ಲ ಮಂಜು ಕವಿದಂತೆ ಸಣ್ಣ ಗುಳ್ಳೆಗಳು. ಎಲ್ಲವೂ ಹೀಗೇ ಬರುತ್ತಿವೆ, ಪಾಟಿನ ಒತ್ತಡ ಏರಿಸಿದರೂ ಹೋಗುತ್ತಿಲ್ಲ, ಕಟ್ಟಿಗೆ ಕಟ್ಟೇ ಬುಟ್ಟಿ ಸೇರಿತು, ಇನ್ನೊಂದು ಕಟ್ಟಿಗೆ ಹೇಳಿದ್ದೇನೆ ಎಂದ ತಮ್ಮ.

ಇನ್ನೊಂದು ಕಟ್ಟು ಎಂದರೆ ಎಷ್ಟು ಹಾವು ಎಂದು ಅವಳ ತಲೆಯಲ್ಲಿ ಓಡಿತು. ಕೂಲಿಯವನ ಕೈ ಕಲಿಯುವಷ್ಟರಲ್ಲಿ ಇನ್ನೆಷ್ಟು ಕಟ್ಟು ಹಾಳಾಗಬಹುದು ಎಂಬುದೂ ಓಡಿತು. ತಪ್ಪೆಲ್ಲಿ ಎಂದು ಹೇಳಿದರೆ ಅಷ್ಟು ಹಾವುಗಳಾದರೂ ಉಳಿಯುತ್ತವೆ ಎಂದುಕೊಂಡಳು. ಅದು ಸುಳ್ಳಲ್ಲ. ಕೆಟ್ಟ ಎರಕವನ್ನು ನೋಡುತ್ತಾ ಸುಮ್ಮನಿರಲು ಅವಳಿಂದ ಆಗುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಯಾವುದು ಮೊದಲು ಬಂತು ಎಂದು ಕೇಳಿದರೆ ಅವಳು ಇವತ್ತಿಗೂ ಹೇಳಲಾರಳು.

‘ಜಿಡ್ಡು ಪೂರ್ತಿ ಹೋಗಿಲ್ಲ,’ ಎಂದಳು. ‘ಸ್ಪಿರಿಟ್ಟಲ್ಲಿ ಒಂದು ಸಲ ತೊಳೆದ್ರೆ ಸಾಲಲ್ಲ.’

ತಮ್ಮ ತಲೆಯಾಡಿಸಿ ಹೊರಟ. ಅಂಗಳದ ನಡುವೆ ನಿಂತು, ಎಷ್ಟು ಹೊತ್ತು ನೆನೆಸಬೇಕು ಎಂದು ಅಲ್ಲಿಂದಲೇ ಕೇಳಿದ. ನೀರು ಎಷ್ಟು ತಿಳಿಯಾಗಬೇಕು, ಒಳಮೈಯನ್ನು ಎಷ್ಟು ಉಜ್ಜಬೇಕು ಎಂದೂ ಕೇಳಿದ. ಅವಳು ಕಿಟಕಿಯಿಂದಲೇ ಒಂದೆರಡಕ್ಕೆ ಉತ್ತರ ಕೊಟ್ಟಳು. ಅವನು ಮತ್ತೊಂದು ಕೇಳಿದ. ಅಕ್ಕ ಹಲ್ಲಿನ ಸೆಟ್ಟನ್ನು ನೀರಿನ ಬಟ್ಟಲಿಗೆ ಹಾಕಿ ಎದ್ದಳು.

‘ಇದೆಲ್ಲ ಬಾಯಲ್ಲಿ ಹೇಳಿದ್ರೆ ಆ ಬೋರ್ಡಿನವನಿಗೆ ತಿಳಿಯಲ್ಲ,’ ಎಂದಳು, ಚಪ್ಪಲಿ ಹುಡುಕುತ್ತಾ. ‘ನಡಿ.’